ಒಂದೇ ಹಾಡಿನ ದೊಡ್ಡ ಪ್ಲೇಟನ್ನು ಗುಜರಿಗೆ ಹಾಕುವ ಮೊದಲು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹಳೆಯ ಗ್ರಾಮಫೋನ್ ಪ್ಲೇಟುಗಳ ಹುಚ್ಚು ಮತ್ತೆ ಶುರುವಾಗಿರುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಬರೆದವರಿಗೆ ತಮಾಷೆ ಚೆನ್ನಾಗಿ ಒಲಿದಿದೆ, ಎರಡು ಕಡೆ ನಾನೂ ನಕ್ಕೆ. ಆದರೆ ಎರಡು ಮಾತು ಗಂಟಲಲ್ಲಿ ಸಿಕ್ಕಿಕೊಂಡವು. ಎಲ್ಲ ಹಾಡೂ ಫೋನಿನಲ್ಲೇ ಸಿಗುವಾಗ ಪ್ಲೇಟು ಕೂಡಿಡುವುದು ದುಡ್ಡಿದ್ದವರ ಷೋಕಿ ಎಂಬುದು ಒಂದು. ರಿಮಿಕ್ಸ್ ಎಂದರೆ ಇನ್ನೊಬ್ಬರ ಹಾಡನ್ನು ಕೆಡಿಸಿ ಮಾರುವ ದಂಧೆ, ಅಂಥದ್ದನ್ನು ಹುಡುಕಿಕೊಂಡು ಹೋಗುವವರಿಗೆ ಏನು ಹೇಳೋಣ ಎಂಬುದು ಇನ್ನೊಂದು. ಏನು ಬೇಕಾದರೂ ಹೇಳಲಿ. ನಾನು ಕೂಡಿಡುವುದೇ ಅದನ್ನು. ಎಂಬತ್ತರ ದಶಕದ ಇಂಗ್ಲಿಷ್ ಪಾಪ್ ಮತ್ತು ರಾಕ್ ಹಾಡುಗಳ ಸಿಂಗಲ್‌ಗಳು, ಅಂದರೆ ಮಗ್ಗುಲಿಗೆ ಒಂದೊಂದೇ ಹಾಡಿನ ಪ್ಲೇಟುಗಳು, ಅದರಲ್ಲೂ 12 ಇಂಚಿನ ರಿಮಿಕ್ಸ್ ಪ್ಲೇಟುಗಳು.

ಷೋಕಿಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ನಾನು ಮುಂಬಯಿಯ ಫೋರ್ಟಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಸೇರಿ ಅಲ್ಲೇ ನಿವೃತ್ತಳಾದವಳು. ಊರು ಕುಂದಾಪುರದ ಕಡೆ, ಬೆಳೆದದ್ದು ಮಾಟುಂಗದಲ್ಲಿ, ಮದುವೆಯಾಗಿ ಬಂದದ್ದು ಮುಲುಂಡಿಗೆ. ಅಪ್ಪ ಕಿಂಗ್ಸ್ ಸರ್ಕಲ್ ಹತ್ತಿರದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಊರಿಂದ ಕೆಲಸ ಹುಡುಕಿಕೊಂಡು ಬಂದ ಹುಡುಗರೂ ಸೇರಿ ನಮ್ಮ ಮನೆಯಲ್ಲಿ ರಾತ್ರಿ ಕಾಲು ಚಾಚಲು ಜಾಗ ಇರುತ್ತಿರಲಿಲ್ಲ. ಅಂಥ ಮನೆಗೆ ರೆಕಾರ್ಡ್ ಪ್ಲೇಯರ್ ಎಲ್ಲಿಂದ ಬರಬೇಕು? ಇದ್ದದ್ದು ಒಂದು ರೇಡಿಯೋ. ಶನಿವಾರ ರಾತ್ರಿ ಆಕಾಶವಾಣಿ ಮುಂಬಯಿಯ 'ಸ್ಯಾಟರ್ಡೇ ಡೇಟ್' ಎಂಬ ಇಂಗ್ಲಿಷ್ ಹಾಡುಗಳ ಕಾರ್ಯಕ್ರಮ ಬರುವಾಗ ಅದರ ಸದ್ದು ತಗ್ಗಿಸಿ, ಕಿವಿ ಅಂಟಿಸಿಕೊಂಡು ಕೂರುತ್ತಿದ್ದೆ. ಅಮ್ಮನಿಗೆ ಅದು ಗಲಾಟೆ, ನನಗೆ ಪ್ರಾಣ.

ಹಡಗಿನಲ್ಲಿ ಕೆಲಸಕ್ಕಿದ್ದ ದೊಡ್ಡಮ್ಮನ ಮಗ, ನನ್ನ ಅಣ್ಣ, ರಜೆಗೆ ಬರುವಾಗ ಉಳಿದವರಿಗೆಲ್ಲ ಸೆಂಟು, ಸೋಪು, ಚಾಕೊಲೇಟು ತಂದರೆ ನನಗೆ ಪ್ಲೇಟು ತರುತ್ತಿದ್ದ. 1980ರ ಮಾರ್ಚಿನಲ್ಲಿ ಧೋಬಿ ತಲಾವಿನ ರಂಗಭವನದಲ್ಲಿ 'ದಿ ಪೊಲೀಸ್' ಎಂಬ ಇಂಗ್ಲಿಷ್ ರಾಕ್ ತಂಡ ಬಂದು ಹಾಡಿತಲ್ಲ, ಅದಕ್ಕೂ ಅವನು ಹೋಗಿದ್ದ. ನನ್ನನ್ನು ಮನೆಯಲ್ಲಿ ಬಿಡಲಿಲ್ಲ. ಹೆಣ್ಣು ಹುಡುಗಿ, ರಾತ್ರಿ ಹೊತ್ತು, ಅದೂ ಇಂಗ್ಲಿಷಿನವರ ಕುಣಿತ! ಆ ಸಿಟ್ಟು ಇಳಿಸಲೆಂದೇ ಅವನು ನನಗೆ ಪ್ಲೇಟು ತಂದುಕೊಡಲು ಶುರುಮಾಡಿದ್ದು. ಅವನ್ನು ಕೇಳಬೇಕೆಂದರೆ ದಾದರಿನ ಪಾರ್ಸಿ ಕಾಲೊನಿಯಲ್ಲಿದ್ದ ಸಹಪಾಠಿಯ ಮನೆಗೆ ಹೋಗಬೇಕಿತ್ತು. ಅವಳ ಅಜ್ಜಿ ನಮಗೆ ಪ್ಲೇಟಿನ ಅಂಚು ಮಾತ್ರ ಹಿಡಿಯುವುದನ್ನು ಕಲಿಸಿದರು. ನಡುವೆ ಬೆರಳು ತಾಗಿದರೆ ಗುಜರಾತಿಯಲ್ಲಿ ಬೈಗುಳ ಬೀಳುತ್ತಿತ್ತು.

1983ರಲ್ಲಿ ಅಣ್ಣ ತಂದ ಒಂದು ಪ್ಲೇಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ದೊಡ್ಡದು, ಹಲವು ಹಾಡು ತುಂಬಿದ ಎಲ್ಪಿ ಪ್ಲೇಟಿನಷ್ಟೇ ಅಗಲ. ಕಪ್ಪು ಹೊದಿಕೆ. ನಡುವೆ ಒಂದು ದುಂಡು ತೂತು, ಬದಿಯಲ್ಲಿ ಇನ್ನೆರಡು ಕತ್ತರಿಸಿದ ಕಿಂಡಿ, ಆ ಕಿಂಡಿಗಳಲ್ಲಿ ಒಳಗಿನ ಬೆಳ್ಳಿ ಬಣ್ಣದ ಕವರು ಇಣುಕುತ್ತಿತ್ತು. ಬಲಗಡೆ ಅಂಚಿನುದ್ದಕ್ಕೆ ಬಣ್ಣಬಣ್ಣದ ಚೌಕಗಳು. ಹಾಡಿನ ಹೆಸರಿಲ್ಲ, ಹಾಡಿದವರ ಹೆಸರಿಲ್ಲ. ಅದು ನ್ಯೂ ಆರ್ಡರ್ ತಂಡದ 'ಬ್ಲೂ ಮಂಡೇ', ಫ್ಯಾಕ್ಟರಿ ಕಂಪನಿಯ 73ನೇ ಸಂಖ್ಯೆ. ಆ ಬಣ್ಣದ ಚೌಕಗಳು ಒಂದು ಗುಪ್ತಲಿಪಿ. ಅದನ್ನು ಬಿಡಿಸುವ ಚಕ್ರ ಅದೇ ತಂಡದ ಎಲ್ಪಿಯ ಹಿಂಬದಿಯಲ್ಲಿತ್ತು. ಪೀಟರ್ ಸ್ಯಾವಿಲ್ ಎಂಬ ಕಲಾವಿದ ಕಂಪ್ಯೂಟರಿನ ಫ್ಲಾಪಿ ನೋಡಿ ಆ ಹೊದಿಕೆ ಮಾಡಿದ್ದೆಂದು ಆಮೇಲೆ ತಿಳಿಯಿತು. 1983ರಲ್ಲಿ ಫ್ಲಾಪಿ ಎಂದರೇನೆಂದು ನಾನು ಕಂಡವಳಲ್ಲ. ನಮ್ಮ ಶಾಖೆಗೆ ಕಂಪ್ಯೂಟರ್ ಬಂದ ದಿನ ಮೇಜಿನ ಮೇಲೆ ಅದನ್ನು ನೋಡಿ 'ಅರೆ, ನ್ಯೂ ಆರ್ಡರ್!' ಎಂದುಬಿಟ್ಟೆ. ಮ್ಯಾನೇಜರು ಹೊಸ ಸುತ್ತೋಲೆ ಬಂದಿದೆ ಎಂದುಕೊಂಡರು.

ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ 12 ಇಂಚಿನ ಸಿಂಗಲ್ ಅದೇ. ಕಿಂಡಿ ಕತ್ತರಿಸುವ ಖರ್ಚಿನಿಂದ ಪ್ರತಿ ಪ್ಲೇಟಿಗೂ ಕಂಪನಿಗೆ ನಷ್ಟವಾಗುತ್ತಿತ್ತು ಎಂಬ ಕಥೆ ಪ್ಲೇಟಿನವರ ನಡುವೆ ಇವತ್ತಿಗೂ ಓಡಾಡುತ್ತದೆ. ಕಥೆ ನಿಜವೋ ಸುಳ್ಳೋ, ಮುಂದಿನ ಮುದ್ರಣಗಳಲ್ಲಿ ಆ ಕಿಂಡಿಗಳನ್ನು ಕೈಬಿಟ್ಟದ್ದಂತೂ ಹೌದು. ಆದ್ದರಿಂದ ಯಾರಾದರೂ ಆ ಪ್ಲೇಟು ತೋರಿಸಿದರೆ ನನ್ನ ಬೆರಳು ಮೊದಲು ಹೋಗುವುದು ಆ ಕಿಂಡಿಗೆ.

ಈಗ ಬರಹಗಾರರ ಚಿತ್ರದ ಕೆಳಗಿನ ಸಾಲಿಗೆ ಬರುತ್ತೇನೆ. ಆ ಚಿತ್ರದಲ್ಲಿರುವ ಪ್ಲೇಟಿನ ಲೇಬಲ್ಲಿನಲ್ಲಿ 45 ಎಂದು ಕಣ್ಣಿಗೆ ಹೊಡೆಯುವಂತೆ ಕಾಣುತ್ತಿದೆ, ಕೆಳಗೆ ಬರೆದದ್ದು 'ಹಳೆಯ ಎಲ್ಪಿ' ಎಂದು. ಅಗಲ ಒಂದೇ ಆದ ಮಾತ್ರಕ್ಕೆ ಎರಡೂ ಒಂದೇ ಅಲ್ಲ. ಎಲ್ಪಿ ನಿಮಿಷಕ್ಕೆ 33⅓ ಸುತ್ತು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೇಲೆ ಹಾಡು ತುಂಬುತ್ತಾರೆ. 12 ಇಂಚಿನ ಸಿಂಗಲ್ ಸಾಮಾನ್ಯವಾಗಿ 45 ಸುತ್ತು, ಮಗ್ಗುಲಿಗೆ ಒಂದೇ ಹಾಡು, ಆರೇಳು ನಿಮಿಷ. ಡ್ರಮ್ಮು, ಬೇಸ್ ಗಿಟಾರಿನಂಥ ತಗ್ಗು ಸದ್ದು ಪ್ಲೇಟಿನಲ್ಲಿ ಕೊರೆದ ಗೆರೆಯನ್ನು ಅಕ್ಕಪಕ್ಕ ಜೋರಾಗಿ ಓಲಾಡಿಸುತ್ತದೆ. ಸದ್ದು ದೊಡ್ಡದಾದಷ್ಟೂ ಓಲಾಟ ಹೆಚ್ಚು, ಗೆರೆ ಗೆರೆಯ ನಡುವೆ ಬಿಡಬೇಕಾದ ಜಾಗವೂ ಹೆಚ್ಚು. ಎಲ್ಪಿಯಲ್ಲಿ ಆ ಜಾಗ ಇಲ್ಲ, ಒತ್ತಿ ಒತ್ತಿ ಕೂರಿಸಬೇಕು, ಹಾಗಾಗಿ ಬೇಸನ್ನೂ ಸದ್ದನ್ನೂ ತಗ್ಗಿಸಬೇಕು. ದೊಡ್ಡ ಸಿಂಗಲ್ಲಿನಲ್ಲಿ ಗೆರೆ ಕೈಕಾಲು ಚಾಚಿ ಮಲಗಬಹುದು. ಬೆಳಕಿಗೆ ಹಿಡಿದರೆ ಇದು ಬರಿಗಣ್ಣಿಗೇ ಕಾಣುತ್ತದೆ. ಡ್ರಮ್ಮು ಮಾತ್ರ ಬಾರಿಸುವ ಕಡೆ ಒಂದು ಬಣ್ಣ, ದನಿ ಸೇರಿದ ಕಡೆ ಇನ್ನೊಂದು ಬಣ್ಣ. ಡಿಜೆಗಳು ಹೆಡ್‌ಫೋನ್ ಹಾಕುವ ಮೊದಲೇ ಆ ಬಣ್ಣ ನೋಡಿ ಸೂಜಿ ಎಲ್ಲಿಡಬೇಕೆಂದು ಲೆಕ್ಕ ಹಾಕುತ್ತಿದ್ದರು.

7 ಇಂಚಿನ 45 ಬಂದದ್ದು 1949ರಲ್ಲಿ, ಆರ್‌ಸಿಎ ಕಂಪನಿಯಿಂದ. ಅದರ ದೊಡ್ಡ ತಮ್ಮ ಹುಟ್ಟಿದ್ದು ಸಾಮಾನು ಮುಗಿದುಹೋದದ್ದರಿಂದ. ಎಪ್ಪತ್ತರ ದಶಕದ ನಡುವೆ ನ್ಯೂಯಾರ್ಕಿನ ಟಾಮ್ ಮೌಲ್ಟನ್ ಕ್ಲಬ್ಬುಗಳಿಗೆಂದು ಹಾಡು ಉದ್ದ ಮಾಡುತ್ತಿದ್ದವರು. ಒಂದು ದಿನ ಕೊರೆಯಲು ಚಿಕ್ಕ ಖಾಲಿ ಪ್ಲೇಟು ಉಳಿದಿರಲಿಲ್ಲ, ದೊಡ್ಡದರ ಮೇಲೇ ಕೊರೆಸಿದರು, ಗೆರೆ ಅಗಲವಾಗಿ ಹರಡಿದ್ದರಿಂದ ಸದ್ದು ಗುಡುಗಿದಂತೆ ಬಂತು ಎಂದು ಅವರೇ ಹೇಳಿಕೊಂಡಿದ್ದಾರೆ. 1976ರಲ್ಲಿ ಸಾಲ್‌ಸೋಲ್ ಕಂಪನಿ 'ಟೆನ್ ಪರ್ಸೆಂಟ್' ಎಂಬ ಹಾಡನ್ನು ವಾಲ್ಟರ್ ಗಿಬನ್ಸ್ ಕೈಯಲ್ಲಿ ಹತ್ತು ನಿಮಿಷದ ಹತ್ತಿರಕ್ಕೆ ಎಳೆಸಿ 12 ಇಂಚಿನಲ್ಲಿ ಅಂಗಡಿಗೆ ಬಿಟ್ಟಿತು. ಇದಕ್ಕೂ ಮೊದಲೇ ಜಮೈಕಾದಲ್ಲಿ ಕಿಂಗ್ ಟಬ್ಬಿಯಂಥವರು ಹಾಡಿನಿಂದ ದನಿ ತೆಗೆದು, ಡ್ರಮ್ಮು ಬೇಸಿಗೆ ಪ್ರತಿಧ್ವನಿ ಸುರಿದು, ಸಿಂಗಲ್ಲಿನ ಹಿಂಬದಿಯಲ್ಲಿ ಹಾಕುತ್ತಿದ್ದರು. ಎಂಬತ್ತರ ದಶಕದ ರಿಮಿಕ್ಸ್‌ಗಳು ಈ ಎರಡೂ ಮನೆಯ ಉಪ್ಪು ತಿಂದವು.

ಹಾಡು ಕೆಡಿಸುವ ದಂಧೆ ಎಂದವರಿಗೆ ಆ ಕೆಲಸ ನಡೆಯುತ್ತಿದ್ದ ಬಗೆ ಗೊತ್ತಿರಬೇಕು. 24 ಟ್ರ್ಯಾಕಿನ ಮೂಲ ಟೇಪು ಸ್ಟುಡಿಯೋದ ಒಳಗೇ ಇರುತ್ತಿತ್ತು. ಡ್ರಮ್ಮು ಒಂದು ಕಡೆ, ಬೇಸು ಒಂದು ಕಡೆ, ದನಿ ಒಂದು ಕಡೆ. ಕಂಪನಿಯೇ ಆ ಟೇಪನ್ನು ರಿಮಿಕ್ಸ್ ಮಾಡುವವನ ಕೈಗೆ ಕೊಡುತ್ತಿತ್ತು. ಅವನು ಬೇಕಾದ ತುಂಡುಗಳನ್ನು ಬೇರೆ ಬೇರೆ ಥರ ಮಿಕ್ಸ್ ಮಾಡಿ ಕಾಲಿಂಚು ಅಗಲದ ಟೇಪಿಗೆ ಇಳಿಸಿಕೊಂಡು, ಆಮೇಲೆ ಬ್ಲೇಡು ತೆಗೆದುಕೊಂಡು ಕೂರುತ್ತಿದ್ದ. ಸೆಕೆಂಡಿಗೆ 30 ಇಂಚು ಓಡುವ ಟೇಪಿನಲ್ಲಿ, ನಿಮಿಷಕ್ಕೆ 120 ಬಡಿತದ ಹಾಡಾದರೆ, ಒಂದು ಬಡಿತಕ್ಕೆ 15 ಇಂಚು ಟೇಪು. ನಾಲ್ಕು ಬಡಿತ ಬೇಕೆಂದರೆ ಐದಡಿ ಅಳೆದು ಕತ್ತರಿಸಿ ಕುತ್ತಿಗೆಗೆ ನೇತುಹಾಕಿಕೊಳ್ಳಬೇಕು, ಓರೆಯಾಗಿ ಕತ್ತರಿಸಿದ ತುದಿಗೆ ಇನ್ನೊಂದು ತುಂಡಿನ ತುದಿ ಅಂಟಿಸಬೇಕು, ಕೂದಲೆಳೆಯಷ್ಟು ತಪ್ಪಿದರೂ ತಾಳ ಎಡವುತ್ತದೆ. ಹ್ಯೂಮನ್ ಲೀಗ್ ತಂಡದ 'ಡೇರ್' ಎಲ್ಪಿಯನ್ನು ಮಾರ್ಟಿನ್ ರಶೆಂಟ್ ಹೀಗೆ ಕತ್ತರಿಸಿ ಜೋಡಿಸಿ 1982ರಲ್ಲಿ 'ಲವ್ ಅಂಡ್ ಡ್ಯಾನ್ಸಿಂಗ್' ಎಂದು ಬೇರೆಯೇ ಪ್ಲೇಟು ಮಾಡಿದರು. ಕೇಳಿದರೆ ಒಂದೂ ಅಂಟು ಕಿವಿಗೆ ಸಿಗುವುದಿಲ್ಲ. ಇದನ್ನು ಕೆಡಿಸುವುದು ಎನ್ನುವವರು ಒಮ್ಮೆ ಐದಡಿ ಟೇಪು ಕತ್ತರಿಸಿ ಜೋಡಿಸಿ ನೋಡಲಿ.

ನಮ್ಮಲ್ಲಿ ರಿಮಿಕ್ಸಿಗೆ ಕೆಟ್ಟ ಹೆಸರು ಬಂದ ಕಾರಣವೇ ಬೇರೆ. 1957ರ ಕಾಪಿರೈಟ್ ಕಾಯಿದೆಯ 52ನೇ ಕಲಮಿನಲ್ಲಿ ಒಂದು ಕಿಂಡಿಯಿತ್ತು. ಮೂಲ ಧ್ವನಿಮುದ್ರಣವಾಗಿ ಎರಡು ವರ್ಷ ಕಳೆದರೆ, ನೋಟಿಸು ಕೊಟ್ಟು ರಾಯಲ್ಟಿ ಕಟ್ಟಿ, ಅದೇ ಹಾಡನ್ನು ಬೇರೆಯವರಿಂದ ಹಾಡಿಸಿ ಮಾರಬಹುದಿತ್ತು. ಕ್ಯಾಸೆಟ್ ಕಂಪನಿಗಳು ಎಂಬತ್ತರ ದಶಕದಲ್ಲಿ ಅದರಲ್ಲೇ ಮನೆ ಕಟ್ಟಿಕೊಂಡವು, ಎರಡು ಸಾವಿರದ ಇಸವಿಯ ಸುಮಾರಿಗೆ ಅದೇ ದಾರಿಯಲ್ಲಿ ಹಳೆಯ ಸಿನಿಮಾ ಹಾಡಿಗೆ ಧಡಧಡ ಡ್ರಮ್ಮು ಸೇರಿಸಿ, ಅರೆಬಟ್ಟೆಯ ವಿಡಿಯೋ ಮಾಡಿ ಟಿವಿ ತುಂಬ ಹರಿಬಿಟ್ಟರು. 2012ರ ತಿದ್ದುಪಡಿಯಲ್ಲಿ ಆ ಎರಡು ವರ್ಷ ಐದಾಯಿತು, ನಿಯಮವೂ ಬಿಗಿಯಾಯಿತು. ಆ ವಿಡಿಯೋಗಳನ್ನು ನೋಡಿ ಬರಹಗಾರರಿಗೆ ಸಿಟ್ಟು ಬಂದಿದ್ದರೆ ನನಗೂ ಬಂದಿದೆ. ಅಲ್ಲಿ ಮೂಲ ಟೇಪೂ ಇರಲಿಲ್ಲ, ಮೂಲ ದನಿಯೂ ಇರಲಿಲ್ಲ. ಆ ಪಾಪವನ್ನು ಲಂಡನ್, ನ್ಯೂಯಾರ್ಕಿನಲ್ಲಿ ಬ್ಲೇಡು ಹಿಡಿದು ಕೂತವರ ತಲೆಗೆ ಕಟ್ಟುವುದು ಸರಿಯಲ್ಲ.

ಹಾಗೆಂದು ಆ ಕಾಲದ ರಿಮಿಕ್ಸೆಲ್ಲ ಚಿನ್ನ ಎಂದೇನೂ ನಾನು ಹೇಳುವುದಿಲ್ಲ. ಬ್ರೂಸ್ ಸ್ಪ್ರಿಂಗ್‌ಸ್ಟೀನರ 'ಡ್ಯಾನ್ಸಿಂಗ್ ಇನ್ ದ ಡಾರ್ಕ್' ಹಾಡನ್ನು 1984ರಲ್ಲಿ ಆರ್ಥರ್ ಬೇಕರ್ ಡ್ಯಾನ್ಸಿಗೆಂದು ತಿರುಗಿಸಿದ್ದು ರಾಕ್ ಅಭಿಮಾನಿಗಳಿಗೆ ಹಿಡಿಸಲಿಲ್ಲ, ನನಗೂ ಹಿಡಿಸಿಲ್ಲ. ಆದರೂ ಇಟ್ಟುಕೊಂಡಿದ್ದೇನೆ. ಅದೇ ಬೇಕರ್ ಅದೇ ಹೊತ್ತಿಗೆ ಸಿಂಡಿ ಲಾಪರ್ ಹಾಡಿಗೆ ಮಾಡಿದ ಕೆಲಸ ಕೇಳಿದರೆ ಮೊಣಕಾಲು ನೋವಿದ್ದರೂ ಕಾಲು ಸುಮ್ಮನಿರುವುದಿಲ್ಲ. ಬರೀ ದುಡ್ಡಿಗಾಗಿ ಎಳೆದವೂ ಬೇಕಾದಷ್ಟಿವೆ. ಬ್ರಿಟನ್ನಿನ ಪಟ್ಟಿಯಲ್ಲಿ ಒಂದು ಸಿಂಗಲ್ಲಿನ ಎಲ್ಲ ಅವತಾರಗಳ ಮಾರಾಟವನ್ನೂ ಒಟ್ಟಿಗೆ ಲೆಕ್ಕ ಹಿಡಿಯುತ್ತಿದ್ದರು. ಹಾಗಾಗಿ ಅಭಿಮಾನಿ ಒಂದೇ ಹಾಡನ್ನು ಮೂರು ಸಲ ಕೊಂಡರೆ ಕಂಪನಿಗೆ ಲಾಭ. ಈ ಆಟದಲ್ಲಿ ಎಲ್ಲರಿಗಿಂತ ಮುಂದಿದ್ದದ್ದು ಝಡ್‌ಟಿಟಿ ಕಂಪನಿ. ಫ್ರ್ಯಾಂಕಿ ಗೋಸ್ ಟು ಹಾಲಿವುಡ್ ತಂಡದ 'ರಿಲ್ಯಾಕ್ಸ್' ಹಾಡನ್ನು 1983ರಲ್ಲಿ ಟ್ರೆವರ್ ಹಾರ್ನ್ ಮಾಡಿದರು. 1984ರ ಜನವರಿಯಲ್ಲಿ ಬಿಬಿಸಿ ಅದನ್ನು ನಿಷೇಧಿಸಿತು, ನಿಷೇಧಿಸಿದ್ದೇ ತಡ ಹಾಡು ಮೊದಲನೆಯ ಸ್ಥಾನಕ್ಕೆ ಏರಿತು. ಅದರ 12 ಇಂಚಿನ ಮಿಕ್ಸುಗಳಲ್ಲಿ ಒಂದು 16 ನಿಮಿಷಕ್ಕೂ ಉದ್ದ, ಹಾಡೇ ಇಲ್ಲ, ಬರೀ ಸದ್ದು. ಜನ ಅಂಗಡಿಗೆ ಹಿಂದಿರುಗಿಸಲು ಬಂದರಂತೆ. ಆಮೇಲೆ ಚಿಕ್ಕದೊಂದು ಮಿಕ್ಸ್, ಆಮೇಲೆ ಇನ್ನೊಂದು. ಕಂಪನಿ ಪ್ಲೇಟಿಗೆ ಕೊಡುವ ಕ್ಯಾಟಲಾಗ್ ಸಂಖ್ಯೆ ಮಾತ್ರ ಅದೇ.

ನಮ್ಮಂಥವರ ನಿಜವಾದ ಕೆಲಸ ಶುರುವಾಗುವುದು ಇಲ್ಲಿ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಪ್ಲೇಟುಗಳಲ್ಲಿ ಯಾವುದು ಯಾವ ಮಿಕ್ಸ್ ಎಂದು ತಿಳಿಯಲು ಒಂದೇ ದಾರಿ. ಕೊನೆಯ ಗೆರೆ ಮುಗಿದು ಲೇಬಲ್ಲು ಶುರುವಾಗುವ ನಡುವೆ ಒಂದು ಬೆರಳಿನಷ್ಟು ನುಣುಪು ಜಾಗ ಇರುತ್ತದಲ್ಲ, ಅಲ್ಲಿ ಕೊರೆದ ಅಕ್ಷರಗಳನ್ನು ಓದಬೇಕು. ಪ್ಲೇಟನ್ನು ಟಾರ್ಚಿಗೆ ಅಡ್ಡ ಹಿಡಿದು ನಿಧಾನ ತಿರುಗಿಸಿದರೆ ಸಂಖ್ಯೆ ಮೂಡುತ್ತದೆ. ಯಾವ ಮಗ್ಗುಲು, ಎಷ್ಟನೆಯ ಕೊರೆತ, ಎಲ್ಲ ಅಲ್ಲಿದೆ. ಕೊರೆದವನ ಕೈಬರಹವೂ ಸಿಗುತ್ತದೆ. ಲಂಡನ್ನಿನ ಜಾರ್ಜ್ ಪೆಕಮ್ ತಾನು ಕೊರೆದದ್ದರ ಮೇಲೆ 'ಎ ಪೋರ್ಕಿ ಪ್ರೈಮ್ ಕಟ್' ಎಂದು ಗೀಚುತ್ತಿದ್ದ. ಅದು ಕಂಡರೆ ಪ್ಲೇಟಿನ ಸದ್ದಿನ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ಎರಡನೆಯದಾಗಿ ನಾನು ನೋಡುವುದು ನಡುವಿನ ತೂತಿನ ಸುತ್ತ. ಕತ್ತಲಲ್ಲಿ, ಅವಸರದಲ್ಲಿ ಪ್ಲೇಟು ಕೂರಿಸುವಾಗ ಪ್ಲೇಯರಿನ ನಡುಗಡ್ಡಿಯ ತುದಿ ಲೇಬಲ್ಲಿನ ಮೇಲೆ ಗೀರುತ್ತದೆ. ಗೀರು ಹೆಚ್ಚಿದ್ದರೆ ಆ ಪ್ಲೇಟು ಬಹಳ ಕುಣಿದಿದೆ ಎಂದರ್ಥ, ಮೇಲ್ಮೈ ಎಷ್ಟೇ ಹೊಳೆಯಲಿ.

ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ನಾನು ಹೀಗೆ ಟಾರ್ಚು ಹಿಡಿದು ನಿಂತರೆ ಹೊಸಬರು ನಾನು ಯಜಮಾನರ ಸಾಮಾನು ಮಾರಲು ಬಂದವಳು ಎಂದುಕೊಳ್ಳುತ್ತಾರೆ. ಹಳಬರಿಗೆ ಗೊತ್ತು. 'ಆಂಟಿ, ಇಸ್ಮೆ ತೋ ಏಕ್ ಹೀ ಗಾನಾ ಹೈ' ಎಂದು ಅವರೇ ಎಚ್ಚರಿಸುತ್ತಾರೆ. ಒಂದೇ ಹಾಡಿನ ದೊಡ್ಡ ಪ್ಲೇಟಿಗೆ ಅವರ ಲೆಕ್ಕದಲ್ಲಿ ಬೆಲೆ ಕಡಿಮೆ, ನಾನೂ ತಿದ್ದಲು ಹೋಗುವುದಿಲ್ಲ! ಫ್ಲೋರಾ ಫೌಂಟನ್ ಬದಿಯ ಫುಟ್‌ಪಾತಿನಲ್ಲೂ ಊಟದ ಬಿಡುವಿನಲ್ಲಿ ಎಷ್ಟೋ ಸಿಕ್ಕಿವೆ. ಕಾಲಾ ಘೋಡಾದ ರಿದಮ್ ಹೌಸ್ ಎಂಬ ಪ್ಲೇಟಿನ ಅಂಗಡಿ 2016ರಲ್ಲಿ ಬಾಗಿಲು ಹಾಕಿತು, ಆದರೆ ಸಂಬಳದ ದಿನ ಅಲ್ಲಿ ನಿಂತು ಬರೀ ಹೊದಿಕೆ ನೋಡಿ ಬಂದ ನೆನಪು ನನ್ನ ವಾರಗೆಯ ಫೋರ್ಟಿನವರಿಗೆಲ್ಲ ಇದೆ. ಈಗ ಹುಡುಗರು ಮಾಹಿಮಿನ ರಿವಾಲ್ವರ್ ಕ್ಲಬ್ ಎಂಬ ಪ್ಲೇಟಿನ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಹೊಸ ಪ್ಲೇಟು, ಹೊಸ ಬೆಲೆ. ಅಮೆರಿಕದಲ್ಲಿ 2022ರಲ್ಲಿ ಪ್ಲೇಟುಗಳು ಸಿಡಿಗಿಂತ ಹೆಚ್ಚು ಮಾರಾಟವಾದವು, 1987ರ ನಂತರ ಮೊದಲ ಸಲ. ಸಂತೋಷವೇ. ಆದರೆ ಅಂಗಡಿಗೆ ಬರುವುದು ಬಹುಪಾಲು ಎಲ್ಪಿಗಳು. ಸಿಂಗಲ್ಲನ್ನು, ಅದರ ನಾಲ್ಕನೆಯ ಮಿಕ್ಸನ್ನು ಯಾರು ಮತ್ತೆ ಅಚ್ಚು ಹಾಕಿಸುತ್ತಾರೆ?

ಎಲ್ಲ ಫೋನಿನಲ್ಲಿದೆ ಎಂಬ ಮಾತಿಗೆ ನನ್ನ ಉತ್ತರವೂ ಅದೇ. ಫೋನಿನಲ್ಲಿ ಹಾಡಿದೆ, ಯಾವ ಹಾಡು? ಅ-ಹಾ ತಂಡದ 'ಟೇಕ್ ಆನ್ ಮಿ' ಎಂದರೆ ನೀವು ಕೇಳುವುದು 1985ರದ್ದು, ಆ್ಯಲನ್ ಟಾರ್ನಿ ಮಾಡಿಸಿದ್ದು, ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು. ಅದಕ್ಕೆ ಒಂದು ವರ್ಷ ಮೊದಲು, ಟೋನಿ ಮ್ಯಾನ್ಸ್‌ಫೀಲ್ಡ್ ಮಾಡಿಸಿದ ಇನ್ನೊಂದು ಇದೆ, ಸಿಂಗಲ್ಲಾಗಿ ಬಂದು ಬಿದ್ದುಹೋಯಿತು. ಪೆಟ್ ಷಾಪ್ ಬಾಯ್ಸ್ ಅವರ 'ವೆಸ್ಟ್ ಎಂಡ್ ಗರ್ಲ್ಸ್' ಕೂಡ ಹಾಗೆಯೇ. 1984ರಲ್ಲಿ ಬಾಬಿ ಒರ್ಲಾಂಡೊ ಕೈಯಲ್ಲಿ ಒಮ್ಮೆ, ಮರುವರ್ಷ ಸ್ಟೀಫನ್ ಹೇಗ್ ಕೈಯಲ್ಲಿ ಇನ್ನೊಮ್ಮೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ನಿರ್ಮಾಪಕನ ಕೆಲಸ ಏನೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ಇಂಥ ಕೆಲವು ಈಗ ವಿಶೇಷ ಸಂಪುಟಗಳಲ್ಲಿ ಬಂದಿವೆ, ಒಪ್ಪುತ್ತೇನೆ. ಇವತ್ತು ಫೋನಿನಲ್ಲಿ ಇರುವುದು ಕರಾರು ಮುಗಿದರೆ ನಾಳೆ ಇರುವುದಿಲ್ಲ, ಅದನ್ನೂ ಎಲ್ಲರೂ ಕಂಡಿದ್ದೇವೆ.

ಮೂಲ ಟೇಪುಗಳ ಕಥೆಯೂ ಅಷ್ಟಕ್ಕಷ್ಟೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಸ್ಟುಡಿಯೋಗಳು ಬಳಸಿದ ಕೆಲವು ಬಗೆಯ ಟೇಪಿನ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೆಯೇ ಓಡಿಸಿದರೆ ಲೇಪವೇ ಕಿತ್ತು ಬರುತ್ತದೆ. ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಿ, ಓಡುವಷ್ಟು ದಿನ ಓಡಿಸಿ ನಕಲು ಮಾಡಿಕೊಳ್ಳಬೇಕು. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದಾಗ ಮೂಲ ಧ್ವನಿಮುದ್ರಣಗಳೂ ಸುಟ್ಟವು ಎಂಬುದು ಲೋಕಕ್ಕೆ ವಿವರವಾಗಿ ಗೊತ್ತಾಗಲು 2019 ಬರಬೇಕಾಯಿತು. ಹೀಗಿರುವಾಗ ಚೋರ್ ಬಜಾರಿನ ಧೂಳಿನಲ್ಲಿ ಬಿದ್ದ ಒಂದು ಪ್ಲೇಟು ಸಾಕ್ಷಿಪತ್ರದಷ್ಟು ತೂಕದ್ದು. ಸದ್ದಿನಲ್ಲಿ ಪ್ಲೇಟೇ ಶ್ರೇಷ್ಠ ಎಂಬ ಭಜನೆಗೆ ನಾನು ತಾಳ ಹಾಕುವವಳಲ್ಲ. ಡೈರ್ ಸ್ಟ್ರೇಟ್ಸ್ ತಂಡದ 'ಬ್ರದರ್ಸ್ ಇನ್ ಆರ್ಮ್ಸ್' 1985ರಲ್ಲಿ ಬಂದಾಗ ಜಾಗ ಸಾಲದೆ ಎಲ್ಪಿಯಲ್ಲಿ ಹಾಡುಗಳಿಗೆ ಕತ್ತರಿ ಹಾಕಿದ್ದರು, ಸಿಡಿಯಲ್ಲಿ ಪೂರ್ತಿ ಇದ್ದವು. ಆ ಒಂದಕ್ಕೆ ನಾನು ಸಿಡಿ ಹಾಕಿಯೇ ಕೇಳುತ್ತೇನೆ.

ಇಂಗ್ಲಿಷ್ ಹಾಡಿನ ಈ ಪುರಾಣ ಕನ್ನಡ ಪತ್ರಿಕೆಯಲ್ಲಿ ಯಾಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿ ಲೋಕವನ್ನೇ ಕುಣಿಸಿದ 'ಕುಂಗ್ ಫು ಫೈಟಿಂಗ್' ಮಾಡಿದವರು 'ಬಿದ್ದು' ಎಂಬ ಹೆಸರಿನ ಸಂಗೀತ ನಿರ್ಮಾಪಕರು, ಕೊಡವರು, ಹುಟ್ಟಿದ್ದು ಬೆಂಗಳೂರಿನಲ್ಲಿ. ಅದು ಮೊದಲು ಸಿಂಗಲ್ಲಿನ ಹಿಂಬದಿಗೆಂದು ಮಾಡಿದ ಹಾಡು. 1980ರ 'ಆಪ್ ಜೈಸಾ ಕೋಯಿ', 1981ರ 'ಡಿಸ್ಕೋ ದೀವಾನೆ', ಎರಡೂ ಅವರದೇ ಕೈ. ಮುಂಬಯಿಯ ಕನ್ನಡದ ಮನೆಗಳ ಅಟ್ಟದ ಮೇಲೆ ಇವೆಲ್ಲ ಒಟ್ಟಿಗೆ ಮಲಗಿವೆ. ಘಾಟ್‌ಕೋಪರಿನ ಪರಿಚಯದವರೊಬ್ಬರು ಮನೆ ಖಾಲಿ ಮಾಡುವಾಗ ಕರೆದಿದ್ದರು. ಒಂದೇ ಟ್ರಂಕಿನಲ್ಲಿ ಬೋನಿ ಎಂ, ಯಕ್ಷಗಾನದ ಕ್ಯಾಸೆಟ್ಟು, ನಾಜಿಯಾ ಹಸನ್, ಕೆಳಗಡೆ ರಾಜ್‌ಕುಮಾರ್ ಚಿತ್ರಗಳ 7 ಇಂಚಿನ ಇಪಿಗಳು, ಮಗ್ಗುಲಿಗೆ ಎರಡು ಹಾಡು. 1978ರ 'ಆಪರೇಷನ್ ಡೈಮಂಡ್ ರಾಕೆಟ್' ಕೂಡ ಅದರಲ್ಲಿತ್ತು, ಅಣ್ಣಾವ್ರ ಇಂಗ್ಲಿಷ್ ಹಾಡಿನದು. ಮನೆಯಾಕೆ ಅದನ್ನು ಹಳೆ ಪೇಪರಿನ ಜೊತೆ ತೂಕಕ್ಕೆ ಹಾಕಲು ಹಗ್ಗ ಕಟ್ಟಿಟ್ಟಿದ್ದರು. 'ಅಕ್ಕಾ, ಹಗ್ಗ ಬಿಚ್ಚಿ, ಆಮೇಲೆ ಮಾತಾಡೋಣ' ಎಂದೆ.

ಮಾಟುಂಗ, ಮುಲುಂಡ್, ಚೆಂಬೂರು, ಡೊಂಬಿವಲಿ, ಎಲ್ಲಿ ನೋಡಿದರೂ ಹಳೆಯ ಕಟ್ಟಡಗಳು ರಿಡೆವಲಪ್‌ಮೆಂಟಿಗೆ ಹೋಗುತ್ತಿವೆ. ಬಾಡಿಗೆಮನೆಗೆ ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಮೊದಲು ಗುಜರಿ ಪಾಲಾಗುವುದು ಅಟ್ಟದ ಮೇಲಿನದ್ದು. ಮಕ್ಕಳಿಗೆ ಬೇಡ, ಹಿರಿಯರಿಗೆ ಏಣಿ ಹತ್ತಲಾಗದು. ಅದಕ್ಕೇ ಈ ಪತ್ರ. ಪ್ಲೇಟು ಸಿಕ್ಕಿದರೆ ಮನೆಯವರು ಮಾಡಬೇಕಾದದ್ದು ಹೆಚ್ಚಿಲ್ಲ. ಒಂದರ ಮೇಲೊಂದು ಅಡ್ಡ ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ. ಮುಂಬಯಿಯ ಮಳೆಗಾಲದಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ, ಹೆದರಬೇಡಿ. ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ, ಮೆತ್ತನೆಯ ಬಟ್ಟೆ, ಗೆರೆ ಹೋದ ದಿಕ್ಕಿನಲ್ಲೇ ಒರಸಿ, ಲೇಬಲ್ಲಿಗೆ ನೀರು ತಾಗದಂತೆ. ಆಮೇಲೆ ಬರೀ ಡಿಸ್ಟಿಲ್ಡ್ ನೀರಲ್ಲಿ ಇನ್ನೊಮ್ಮೆ. ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಹಳೆಯ ದಪ್ಪ ಪಿವಿಸಿ ಕವರಿದ್ದರೆ ತೆಗೆದುಬಿಡಿ, ಅದು ನಮ್ಮ ಸೆಖೆಗೆ ಬೆವರಿ ಪ್ಲೇಟಿನ ಮೇಲೆ ಮಬ್ಬು ಕೂರಿಸುತ್ತದೆ. ನಿಮಿಷಕ್ಕೆ 78 ಸುತ್ತಿನ ಹಳೆಯ ಅರಗಿನ ಪ್ಲೇಟಿದ್ದರೆ ಸ್ಪಿರಿಟ್ ಮಾತ್ರ ಮುಟ್ಟಿಸಲೇಬೇಡಿ, ಕರಗಿಹೋಗುತ್ತದೆ.

ಆಮೇಲಿನದು ಸಂಘಗಳ ಕೆಲಸ. ನಮ್ಮ ಮುಂಬಯಿ ಕನ್ನಡ ಸಂಘಗಳಿಗೆ ಸ್ವಂತ ಕಟ್ಟಡವಿದೆ, ಗ್ರಂಥಾಲಯವಿದೆ. ಒಂದು ಕಬ್ಬಿಣದ ಕಪಾಟು ಪ್ಲೇಟಿಗೆ ಬಿಟ್ಟುಕೊಟ್ಟರೆ ಸಾಕು. ಭಾಷೆಯ ಜಗಳ ಬೇಡ. ನಮ್ಮವರು ಈ ಊರಿನಲ್ಲಿ ಕೇಳಿದ್ದೆಲ್ಲ ಅದರಲ್ಲಿರಲಿ, ಕನ್ನಡದ ಇಪಿಯ ಪಕ್ಕ 'ಬ್ಲೂ ಮಂಡೇ' ನಿಂತರೆ ಎರಡಕ್ಕೂ ಮೈಲಿಗೆಯಾಗುವುದಿಲ್ಲ. ಒಂದು ರಿಜಿಸ್ಟರಿನಲ್ಲಿ ಕಂಪನಿ, ಸಂಖ್ಯೆ, ಎಷ್ಟು ಸುತ್ತಿನದು, ನುಣುಪು ಜಾಗದಲ್ಲಿ ಕೊರೆದ ಅಕ್ಷರಗಳು, ಯಾವ ಬಡಾವಣೆಯಿಂದ ಬಂತು, ಇಷ್ಟು ಬರೆದಿಡಬೇಕು. ಲೆಡ್ಜರ್ ಬರೆದು ಬರೆದು ಸವೆದ ಕೈ ನನ್ನದು, ಆ ಕೆಲಸಕ್ಕೆ ನಾನು ತಯಾರು. ನನ್ನಂಥ ಇನ್ನಿಬ್ಬರು ನಿವೃತ್ತರನ್ನೂ ಎಳೆದು ತರುತ್ತೇನೆ. ಕೀಲಿಕೈ ಸಂಘದವರ ಬಳಿಯೇ ಇರಲಿ. ಒಪ್ಪುವ ಸಂಘದವರು ನಿಮ್ಮ ಕಚೇರಿಗೆ ಒಂದು ಮಾತು ತಿಳಿಸಿದರೆ ನನ್ನ ವಿಳಾಸ ನಿಮ್ಮಲ್ಲಿದೆ. ಜೂನಿನೊಳಗೆ ಆದರೆ ಒಳ್ಳೆಯದು, ಮಳೆ ಹಿಡಿದ ಮೇಲೆ ಟೆಂಪೋದಲ್ಲಿ ಪ್ಲೇಟು ಸಾಗಿಸುವುದು ಆಗದ ಹೋಗದ ಕೆಲಸ.

ಇತಿ,
ನಿಮ್ಮ ಹಳೆಯ ಓದುಗಾರ್ತಿ
ಮುಲುಂಡ್, ಮುಂಬಯಿ